ಸನ್ಯಾಸಿಗಳು ಬೆಳೆಸಿದ ಕಾಡಿನಲ್ಲಿ ಓಟ: ಇಟಲಿಯ ಕಸೆಂಟೀನೋ ಕಣಿವೆ

ಟಸ್ಕನಿ ಅಂದ ತಕ್ಷಣ ಎಲ್ಲರ ತಲೆಗೆ ಬರುವುದು ಸೈಪ್ರೆಸ್ ಮರಗಳ ಸಾಲು, ದ್ರಾಕ್ಷಿ ತೋಟ, ಕ್ಯಾಲೆಂಡರಿನಲ್ಲಿ ಅಚ್ಚಾಗುವ ಬೋಳು ಗುಡ್ಡ. ಕಸೆಂಟೀನೋ ಹಾಗಿಲ್ಲ. ಅದು ಅಪೆನ್ನೈನ್ ಬೆಟ್ಟಸಾಲಿಗೆ ಒರಗಿಕೊಂಡಿರುವ, ಟಸ್ಕನಿಯ ಪೂರ್ವದ ಅಂಚಿನ ಕಣಿವೆ. ಫ್ಲಾರೆನ್ಸಿನಲ್ಲಿ ಹರಿಯುವ ಆರ್ನೋ ನದಿ ಹುಟ್ಟುವುದು ಇಲ್ಲೇ. ಮೇಲೆ ನೋಡಿದರೆ ಬರೀ ಕಾಡು. 1993ರಿಂದ ಅದು ರಾಷ್ಟ್ರೀಯ ಉದ್ಯಾನ. ಬೆಟ್ಟದ ಈಚೆ ಟಸ್ಕನಿ, ಆಚೆ ಇಟಲಿಯದ್ದೇ ರೊಮಾನ್ಯಾ ಸೀಮೆ. ನಡುವಿನ ಏಣಿನ ಮೇಲೆ ಕಾಲುದಾರಿ.

ಟ್ರೇಲ್ ರನ್ನಿಂಗ್, ಅಂದರೆ ಕಾಡು-ಬೆಟ್ಟದ ಕಾಲುದಾರಿಯ ಓಟಕ್ಕೆ, ಇಟಲಿಯಲ್ಲಿ ಎಲ್ಲರೂ ಡೊಲೊಮೈಟ್ಸ್ ಬೆಟ್ಟಗಳಿಗೆ ಓಡುತ್ತಾರೆ. ಅಲ್ಲಿ ಬಂಡೆ, ಬಿಸಿಲು, ಜನಜಂಗುಳಿ. ನನಗೆ ಮರದಡಿಯ ದಾರಿ ಬೇಕಿತ್ತು. ಮಲೆನಾಡಿನ ಸಾಗರದ ಕಡೆ ಹುಟ್ಟಿದವಳಿಗೆ ತಲೆಯ ಮೇಲೆ ಎಲೆ ಇಲ್ಲದಿದ್ದರೆ ಏನೋ ಕಳಕೊಂಡ ಹಾಗೆ. ಕೆಲಸದ ಮೇಲೆ ಮಿಲಾನಿಗೆ ಬಂದ ಮೇಲೆ ಕಾಲುವೆ ದಂಡೆಯ ಚಪ್ಪಟೆ ರಸ್ತೆಯಲ್ಲಿ ಓಡಿ ಓಡಿ ಬೇಜಾರಾಗಿತ್ತು. ಚಿಕ್ಕಮ್ಮನ ಮಗ ಫ್ಲಾರೆನ್ಸಿನಲ್ಲಿ ಓದುತ್ತಿದ್ದಾನೆ. "ಅಕ್ಕಾ, ಅಕ್ಟೋಬರಿನಲ್ಲಿ ಬಾ. ಆಗ ಅಲ್ಲಿ ಜಿಂಕೆ ಕೂಗುತ್ತೆ" ಅಂದ. ಜಿಂಕೆ ಕೂಗೋದು ಕೇಳೋಕೆ ಯಾರಾದರೂ ರಜೆ ಹಾಕುತ್ತಾರಾ? ನಾನು ಹಾಕಿದೆ.

ಮೊದಲ ದಿನ: ರೈಲಿನಿಂದ ಸ್ತಿಯಾ

ಫ್ಲಾರೆನ್ಸಿನಿಂದ ಅರೆಜ್ಜೋಗೆ ದೊಡ್ಡ ರೈಲು. ಅಲ್ಲಿಂದ ಕಣಿವೆಯೊಳಗೆ ಪುಟ್ಟ ರೈಲು. ಈ ಪುಟ್ಟ ರೈಲು ಆರ್ನೋ ದಂಡೆ ಹಿಡಿದು, ನದಿಗೆ ಎದುರಾಗಿ ಉತ್ತರಕ್ಕೆ ಏರುತ್ತದೆ. ನದಿ ಬೆಟ್ಟದಿಂದ ಇಳಿದು ದಕ್ಷಿಣಕ್ಕೆ ಬರುತ್ತದೆ, ಅರೆಜ್ಜೋ ಹತ್ತಿರ ಬಂದು ಏನೋ ನೆನಪಾದಂತೆ ತಿರುಗಿ ಫ್ಲಾರೆನ್ಸಿನ ಕಡೆ ಹೋಗುತ್ತದೆ. ಹಾಗಾಗಿ ಎದುರುಗಡೆ ಕಾಣುವ ಬೆಟ್ಟಗಳು ಫ್ಲಾರೆನ್ಸಿಗೆ ಹತ್ತಿರವೇ ಇದ್ದರೂ ರೈಲಿನಲ್ಲಿ ದೊಡ್ಡ ಸುತ್ತು.

ಬಿಬ್ಬಿಯೆನಾ ಕಳೆದ ಮೇಲೆ ಗುಡ್ಡದ ನೆತ್ತಿಯಲ್ಲಿ ಪೊಪ್ಪಿಯ ಕೋಟೆ ಕಾಣುತ್ತದೆ. ಅದರ ಕೆಳಗಿನ ಬಯಲು ಕಂಪಾಲ್ದೀನೋ. 1289ರ ಜೂನ್ 11ರಂದು ಇಲ್ಲಿ ಫ್ಲಾರೆನ್ಸಿಗೂ ಅರೆಜ್ಜೋಗೂ ಯುದ್ಧ ನಡೆಯಿತು. ಕವಿ ಡಾಂಟೆ ಆಗ ಇಪ್ಪತ್ತನಾಲ್ಕರ ಹುಡುಗ, ಫ್ಲಾರೆನ್ಸಿನ ಕುದುರೆ ಸವಾರರ ಜೊತೆ ಇದ್ದ. ಈಗ ಆ ಬಯಲಿನಲ್ಲಿ ಹೊಲ, ಗೋದಾಮು, ಪೆಟ್ರೋಲ್ ಬಂಕು. ಜೊತೆಗೆ ಬಂದಿದ್ದ ತಮ್ಮ ಮಾತ್ರ ಮೊಬೈಲಿನಿಂದ ತಲೆ ಎತ್ತಲಿಲ್ಲ. ನಾಳೆಯ ದಾರಿ ತೋರಿಸುವ ಜಿಪಿಎಕ್ಸ್ ಫೈಲು ವಾಚಿಗೆ ಹಾಕುತ್ತಿದ್ದ.

ಸ್ತಿಯಾ ಸಣ್ಣ ಊರು. ಸಮುದ್ರ ಮಟ್ಟದಿಂದ 441 ಮೀಟರ್. ಇಳಿಜಾರಾಗಿರುವ ಚೌಕ, ಎರಡೂ ಬದಿ ಕಮಾನಿನ ಜಗಲಿ. ಇದು ಉಣ್ಣೆ ಬಟ್ಟೆಯ ಊರು. ಹಳೆಯ ಉಣ್ಣೆ ಮಿಲ್ಲು ಈಗ ಮ್ಯೂಸಿಯಂ ಆಗಿದೆ. ಇಲ್ಲಿನ 'ಪಾನ್ನೋ ಕಸೆಂಟೀನೋ' ಬಟ್ಟೆಯ ಮೇಲೆಲ್ಲ ಸಣ್ಣ ಸಣ್ಣ ಉಂಡೆ ಕಟ್ಟಿರುತ್ತವೆ. ಹಳೆಯ ಸ್ವೆಟರ್ ಜುಂಗು ಬಂದಿದೆ ಅಂತ ನಾವು ಬೈಯುತ್ತೇವಲ್ಲ, ಅದನ್ನೇ ಇವರು ಬೇಕಂತಲೇ ಮಾಡುತ್ತಾರೆ. ಮಳೆ ನೀರು ಬೇಗ ಒಳಗೆ ಇಳಿಯುವುದಿಲ್ಲ, ಬೆಚ್ಚಗೂ ಇರುತ್ತದೆ. ಬಣ್ಣ ಮಾತ್ರ ಕಣ್ಣಿಗೆ ರಾಚುವ ಕಿತ್ತಳೆ, ಇಲ್ಲವೇ ಗಾಢ ಹಸಿರು. ಬೆಲೆ ಕೇಳಿ ಸುಮ್ನೆ ವಾಪಸ್ ಇಟ್ಟೆ.

ಸಂಜೆ ಕಾಲು ಸಡಿಲ ಮಾಡಿಕೊಳ್ಳಲು ಪೊರ್ಚಿಯಾನೋ ಗೋಪುರದ ತನಕ ಹತ್ತಿ ಬಂದೆವು. ಅಷ್ಟೇ.

ಮರುದಿನ: ಆರ್ನೋ ಹುಟ್ಟುವ ಜಾಗ, ಫಾಲ್ಟೆರೋನಾ

ಇಡೀ ಪ್ರವಾಸದಲ್ಲಿ ಅತಿ ದೊಡ್ಡ ಏರು ಇವತ್ತಿನದು. ಸ್ತಿಯಾದಿಂದ ಫಾಲ್ಟೆರೋನಾ ನೆತ್ತಿಗೆ 1,200 ಮೀಟರಿಗೂ ಜಾಸ್ತಿ. ಮೊದಲು ಆರ್ನೋ ದಂಡೆಯಲ್ಲಿ ಮೋಲಿನ್ ದಿ ಬುಕ್ಕಿಯೋ ಎಂಬ ಹಳೆಯ ನೀರಿನ ಗಿರಣಿ. ಆಮೇಲೆ ವಲ್ಲುಚ್ಚೋಲೆ ಎಂಬ ಹಳ್ಳಿ. 1944ರ ಏಪ್ರಿಲ್ 13ರಂದು ಜರ್ಮನ್ ಸೈನಿಕರು ಈ ಹಳ್ಳಿಯಲ್ಲೂ ಸುತ್ತಮುತ್ತಲ ಮನೆಗಳಲ್ಲೂ ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅಲ್ಲಿ ಓಡಲು ಮನಸ್ಸಾಗಲಿಲ್ಲ. ಹಳ್ಳಿ ದಾಟುವ ತನಕ ನಡೆದೆವು.

ಅಲ್ಲಿಂದ ಮೇಲೆ ಚೆಸ್ಟ್‌ನಟ್ ತೋಪು. ಅಕ್ಟೋಬರಿನಲ್ಲಿ ಇದರಡಿ ಓಡುವುದು ಒಂದು ಬೇರೆಯೇ ಕಸರತ್ತು. ದಾರಿ ತುಂಬ ಮುಳ್ಳಿನ ಕಾಯಿ. ಬಿರಿದ ಕಾಯಿಯೊಳಗಿಂದ ಕಂದು ಬೀಜ ಇಣುಕುತ್ತಿರುತ್ತದೆ. ಒಣ ಮುಳ್ಳು ಶೂವಿನ ಮೇಲಿನ ಬಟ್ಟೆಯನ್ನು ಸೀದಾ ತೂರಿ ಬೆರಳಿಗೆ ಚುಚ್ಚುತ್ತದೆ. ಇಳಿಜಾರಿನಲ್ಲಿ ಈ ಕಾಯಿಗಳ ಮೇಲೆ ಕಾಲಿಟ್ಟರೆ ಗೋಲಿಯ ಮೇಲೆ ಕಾಲಿಟ್ಟಂತೆಯೇ ಸರಿ. ಆದ್ದರಿಂದ ಈ ತೋಪುಗಳನ್ನು ಏರುವಾಗಲೇ ದಾಟುವ ಹಾಗೆ ದಾರಿ ಹಾಕಿಕೊಳ್ಳುವುದು ಒಳ್ಳೆಯದು.

ಸಾವಿರ ಮೀಟರ್ ಹತ್ತಿರ ಬಂದಾಗ ಚೆಸ್ಟ್‌ನಟ್ ಮುಗಿದು ಬೀಚ್ ಮರಗಳು ಶುರು. ಬೂದು ಬಣ್ಣದ ನುಣುಪು ಕಾಂಡ, ಮೇಲೆ ತಾಮ್ರದ ಬಣ್ಣಕ್ಕೆ ತಿರುಗುತ್ತಿದ್ದ ಎಲೆ. ನೆಲವೂ ಬದಲು. ಇಲ್ಲಿ ಮರ ಬದಲಾದರೆ ನೆಲ ಬದಲಾಗುತ್ತದೆ, ನೆಲ ಬದಲಾದರೆ ಓಟ ಬದಲಾಗುತ್ತದೆ. ಬೀಚ್ ಎಲೆ ಬೇಗ ಕೊಳೆಯುವುದಿಲ್ಲ. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಎಲ್ಲಾ ಪದರ ಪದರವಾಗಿ ಬಿದ್ದಿರುತ್ತದೆ. ಅದರಡಿ ಬೇರಿದೆಯೋ, ಕಲ್ಲಿದೆಯೋ, ಹೊಂಡ ಇದೆಯೋ ಕಾಣಿಸುವುದಿಲ್ಲ. ಉದ್ದ ಹೆಜ್ಜೆ ಹಾಕುವವರಿಗೆ ಪಾದ ತಿರುಚುವುದು ಇಲ್ಲೇ. ಪುಟ್ಟ ಪುಟ್ಟ ಹೆಜ್ಜೆ, ಮಂಡಿ ಸ್ವಲ್ಪ ಬಗ್ಗಿಸಿ, ಭಾರ ಬಿಡದೆ ಓಡಬೇಕು.

1,358 ಮೀಟರ್ ಎತ್ತರದಲ್ಲಿ ಕಾಪೋ ದಾರ್ನೋ. ಬಂಡೆಗಳ ಸಂದಿಯಿಂದ ಬೆರಳು ಗಾತ್ರದ ನೀರು. ಪಕ್ಕದಲ್ಲಿ ಡಾಂಟೆಯ ಸಾಲುಗಳನ್ನು ಕೆತ್ತಿದ ಫಲಕ. 1966ರಲ್ಲಿ ಫ್ಲಾರೆನ್ಸನ್ನು ಮುಳುಗಿಸಿದ್ದು ಇದೇ ನದಿ ಅಂದರೆ ನಂಬಿಕೆ ಬರುವುದಿಲ್ಲ. ನಮ್ಮೂರಲ್ಲಾಗಿದ್ದರೆ ಇಲ್ಲೊಂದು ಗುಡಿ, ತೀರ್ಥದ ಬಟ್ಟಲು, ಹೂವಿನಂಗಡಿ ಎಲ್ಲಾ ಇರುತ್ತಿತ್ತು ಅಂದೆ. "ಇತ್ತು ಅಕ್ಕಾ, ಸ್ವಲ್ಪ ಮುಂದೆ" ಅಂದ ತಮ್ಮ. ತಮಾಷೆ ಅಂದುಕೊಂಡೆ. ಅಲ್ಲ.

ಸ್ವಲ್ಪ ದೂರದಲ್ಲಿ ಲಾಗೋ ದೆಲ್ಯಿ ಈದೋಲಿ, ಅಂದರೆ ವಿಗ್ರಹಗಳ ಕೆರೆ. 1838ರಲ್ಲಿ ಇಲ್ಲಿ ಆಕಸ್ಮಿಕವಾಗಿ ಒಂದು ಕಂಚಿನ ಗೊಂಬೆ ಸಿಕ್ಕಿತು. ಅಗೆಯುತ್ತಾ ಹೋದ ಹಾಗೆ 600ಕ್ಕೂ ಹೆಚ್ಚು ಕಂಚಿನ ವಿಗ್ರಹ ಬಂದವು. ರೋಮನ್ನರಿಗೂ ಮುಂಚಿನ ಎಟ್ರುಸ್ಕನ್ ಜನ ಹರಕೆ ಹೊತ್ತು ನೀರಿಗೆ ಹಾಕಿದ್ದು. ಮನುಷ್ಯನ ಗೊಂಬೆ, ಪ್ರಾಣಿಯ ಗೊಂಬೆ, ವಾಸಿಯಾಗಲಿ ಅಂತ ಹಾಕಿದ ಕೈ, ಕಾಲು, ತಲೆಯ ಆಕಾರಗಳು. ಅವುಗಳಲ್ಲಿ ಮುಖ್ಯವಾದವು ಈಗ ಬ್ರಿಟಿಷ್ ಮ್ಯೂಸಿಯಂ, ಲೂವ್ರ್, ಹರ್ಮಿಟಾಜ್‌ಗಳಲ್ಲಿ ಚದುರಿವೆ. ಬೆಟ್ಟದ ದಾರಿಗೆ ಹೊರಟವರು ಕಾಲು ಸರಿಯಿರಲಿ ಅಂತ ಕಂಚಿನ ಕಾಲನ್ನು ನೀರಿಗೆ ಬಿಟ್ಟರು ಅಂದರೆ ಓಟಗಾರರಿಗೆ ಬೇರೆ ವಿವರಣೆ ಬೇಡ, ಅಲ್ವಾ? ಕೆರೆಯನ್ನು ಈಗ ಮತ್ತೆ ಕಟ್ಟಿ ನೀರು ನಿಲ್ಲಿಸಿದ್ದಾರೆ.

ಫಾಲ್ಟೆರೋನಾ 1,654 ಮೀಟರ್. ಪಕ್ಕದ ಫಾಲ್ಕೋ 1,658. ಇಡೀ ಉದ್ಯಾನದಲ್ಲಿ ಎತ್ತರದ್ದು ಫಾಲ್ಕೋನೇ. ಹೆಸರು ಮಾತ್ರ ಫಾಲ್ಟೆರೋನಾದ್ದು. ನನ್ನ ಕೇಳಿದರೆ ಎರಡೂ ನೆತ್ತಿಗಳಿಗಿಂತ ಅವುಗಳ ನಡುವಿನ ದಾರಿ ಚೆನ್ನ. ನಾವು ಹೋದಾಗ ಮೇಲೆ ಪೂರ್ತಿ ಮಂಜು, ಗಾಳಿ. ಫೋಟೋ ಕೂಡ ತೆಗೆಯದೆ ಇಳಿದೆವು.

ಬುರ್ರಾಯಾ ಹುಲ್ಲುಗಾವಲಿಗೆ ಬಂದಾಗ ಮಂಜು ಸರಿಯಿತು. ಎದುರಿಗೆ ಕುರಿಮಂದೆ, ಜೊತೆಗೆ ಮರೆಮ್ಮಾ ತಳಿಯ ಬಿಳಿ ಕಾವಲು ನಾಯಿಗಳು. ಇಲ್ಲಿ ತೋಳಗಳಿವೆ, ಹಾಗಾಗಿ ನಾಯಿಗಳು ತಮಾಷೆಗಲ್ಲ. ಓಡುವವರನ್ನು ಕಂಡರೆ ಅವಕ್ಕೆ ಇನ್ನೂ ಸಿಟ್ಟು. ಒಂದು ನಮ್ಮ ಕಡೆ ಬೊಗಳುತ್ತಾ ಬಂತು. "ಓಡಬೇಡ ಕಣೋ, ನಿಲ್ಲು!" ಅಂದೆ. ನಿಂತು, ಅದರ ಕಣ್ಣಲ್ಲಿ ಕಣ್ಣಿಡದೆ, ಮಂದೆಯಿಂದ ದೂರ ಸರಿದು ನಿಧಾನ ನಡೆದೆವು. ನಾಯಿ ಅಷ್ಟು ದೂರ ಬಂದು, ತನ್ನ ಕೆಲಸ ಆಯಿತು ಅನ್ನುವ ಹಾಗೆ ವಾಪಸ್ ಹೋಯಿತು.

ಪಾಸ್ಸೋ ದೆಲ್ಲಾ ಕಾಲ್ಲಾ ಎಂಬ ಕಣಿವೆಬಾಯಿಂದ ಆಚೆ ಬದಿಗೆ ಇಳಿದರೆ ಕಂಪೀನ್ಯಾ. ನಾಲ್ಕಾರು ಕಟ್ಟಡ, ಸುತ್ತ ಆಕಾಶದೆತ್ತರದ ಫರ್ ಮರ. ಫ್ಲಾರೆನ್ಸಿನ ಮಹಾ ಚರ್ಚಿನ ಕಟ್ಟಡ ಸಮಿತಿಗೆ ಈ ಕಾಡು ಸೇರಿತ್ತು. ಇಲ್ಲಿ ಕಡಿದ ಮರಗಳನ್ನು ಎತ್ತುಗಳಿಂದ ಬೆಟ್ಟ ಹತ್ತಿಸಿ, ಆ ಕಡೆ ಪ್ರಾತೊವೆಕ್ಕಿಯೋಗೆ ಇಳಿಸಿ, ತೆಪ್ಪದಂತೆ ಕಟ್ಟಿ ಆರ್ನೋದಲ್ಲಿ ತೇಲಿಬಿಡುತ್ತಿದ್ದರು. ಆ ಎತ್ತಿನ ದಾರಿ ಇನ್ನೂ ಇದೆ. 'ಮರದ ದಿಮ್ಮಿಗಳ ದಾರಿ' ಅಂತಲೇ ಅದರ ಹೆಸರು. ನಾವು ಕಣಿವೆಬಾಯಿಂದ ಇಳಿದದ್ದು ಅದರಲ್ಲೇ. ಎತ್ತಿಗೆ ಹತ್ತಲು ಆಗುವಷ್ಟೇ ಇಳಿಜಾರು ಇಟ್ಟಿದ್ದಾರೆ. ಮಂಡಿ ಇರುವವರಿಗೆ ಅದಕ್ಕಿಂತ ಒಳ್ಳೆಯ ಲೆಕ್ಕ ಬೇರೆ ಇಲ್ಲ.

ರಾತ್ರಿ ಊಟ ಮುಗಿಸಿ ಹೊರಗೆ ಬಂದರೆ ಶುರುವಾಯಿತು ಕೂಗು. ಇಲ್ಲಿನ ಕೆಂಪು ಜಿಂಕೆ ನಮ್ಮ ಕಡವೆಯ ಹತ್ತಿರದ ಸಂಬಂಧಿ, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನ ತನಕ ಬೆದೆ ಕಾಲ. ಗಂಡು ಜಿಂಕೆ ಗಂಟಲಿನ ಆಳದಿಂದ ಕೂಗುತ್ತದೆ. ಅದು ಗರ್ಜನೆಯೂ ಅಲ್ಲ, ಕೆನೆತವೂ ಅಲ್ಲ. ಉದ್ದಕ್ಕೆ ಎಳೆದು, ಕೊನೆಗೆ ಕೆಮ್ಮಿದಂತೆ ಎರಡು ಸಲ ಕತ್ತರಿಸಿ ನಿಲ್ಲಿಸುತ್ತದೆ. ಆ ಗುಡ್ಡದಿಂದ ಒಂದು, ಈ ಗುಡ್ಡದಿಂದ ಉತ್ತರ. ಜಾಸ್ತಿ ಹೊತ್ತು, ಜಾಸ್ತಿ ಜೋರಾಗಿ ಕೂಗಿದವನಿಗೆ ಕಾದಾಡದೆಯೇ ಅರ್ಧ ಗೆಲುವು. ತಮ್ಮ ಟಾರ್ಚ್ ಹಿಡಿದು ಕಾಡಿನ ಅಂಚಿಗೆ ಹೋಗೋಣ ಅಂದ. "ಅವಕ್ಕೆ ಈಗ ಬೇರೆ ಕೆಲಸ ಇದೆ, ಸುಮ್ನೆ ನಿಲ್ಲು ಮಾರಾಯ" ಅಂದೆ. ಚಳಿಯಲ್ಲಿ ನಡುಗುತ್ತಾ ಬಹಳ ಹೊತ್ತು ಕೇಳಿದೆವು.

ಮೂರನೆಯ ದಿನ: ಏಣಿನ ಮೇಲೆ, ಕಮಾಲ್ದೊಲಿಗೆ

ಈ ಕಣಿವೆಯಲ್ಲಿ ಒಂದೇ ಒಂದು ಓಟಕ್ಕೆ ಸಮಯ ಇದೆ ಅಂದರೆ ಇದನ್ನೇ ಓಡಿ. ಕಾಲ್ಲಾದಿಂದ ಪೊಜ್ಜೋ ಸ್ಕಾಲಿ ಮೂಲಕ ಕಮಾಲ್ದೊಲಿಯ ಆಶ್ರಮಕ್ಕೆ. ಏಣಿನ ದಾರಿಗೆ 'ಸೊನ್ನೆ ಸೊನ್ನೆ' ಅಂತ ನಂಬರು. ಮರಗಳ ಮೇಲೆ, ಕಲ್ಲುಗಳ ಮೇಲೆ ಕೆಂಪು-ಬಿಳಿ ಪಟ್ಟಿ ಬಳಿದಿರುತ್ತಾರೆ. ಅದನ್ನು ಹಿಡಿದರೆ ದಾರಿ ತಪ್ಪುವುದು ಕಷ್ಟ. ಕೈಕಂಬಗಳಲ್ಲಿ ದೂರ ಬರೆದಿರುವುದಿಲ್ಲ, ನಡೆಯುವವರಿಗೆ ಬೇಕಾಗುವ ಸಮಯ ಬರೆದಿರುತ್ತಾರೆ. ಎರಡೂವರೆ ಗಂಟೆ ಅಂತ ಇದ್ದರೆ ತಮ್ಮನಿಗೆ ಅದನ್ನು ಅರ್ಧ ಮಾಡುವ ಹಟ. ನನಗೆ ಕಡಲೆ ಮಿಠಾಯಿ ತಿನ್ನಲು ನಿಲ್ಲುವ ಹಟ.

1,520 ಮೀಟರಿನ ಸ್ಕಾಲಿ ನೆತ್ತಿ ಬೋಳು ಹುಲ್ಲು. ಉಳಿದ ದಾರಿಯೆಲ್ಲ ಮರದಡಿ, ಸಣ್ಣ ಸಣ್ಣ ಏರಿಳಿತ. ಎಡಗಡೆ ಇಳಿಜಾರು ಮಾತ್ರ ಧಡಕ್ಕನೆ ಕೆಳಗೆ ಬೀಳುತ್ತದೆ. ಅದು ಸಾಸ್ಸೋ ಫ್ರಾತೀನೋ. 1959ರಲ್ಲಿ ಇಟಲಿ ಮೊತ್ತಮೊದಲ ಬಾರಿಗೆ ಯಾರೂ ಕಾಲಿಡಬಾರದು ಅಂತ ಪೂರ್ತಿ ಬೇಲಿ ಹಾಕಿದ ಕಾಡು ಇದು. ಬೇಲಿ ಅಂದರೆ ತಂತಿ ಬೇಲಿಯಲ್ಲ, ಕಾನೂನಿನ ಬೇಲಿ. 2017ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಒಳಗೆ ಐನೂರು ವರ್ಷ ದಾಟಿದ ಬೀಚ್ ಮರಗಳಿವೆ. ಅದು ಉಳಿದದ್ದಕ್ಕೆ ಕಾರಣ ಭಕ್ತಿಯಲ್ಲ, ಇಳಿಜಾರು. ಅಲ್ಲಿ ಕಡಿದ ಮರವನ್ನು ಮೇಲೆ ತರಲು ಯಾವ ಎತ್ತಿನಿಂದಲೂ ಆಗುತ್ತಿರಲಿಲ್ಲ. ನಾವು ಅಂಚಿನಲ್ಲೇ ಓಡಿದೆವು. ಬಲಗಡೆಯ ಮರಗಳು ಒಂದೇ ವಯಸ್ಸಿನವು, ನೆಟ್ಟಗೆ. ಎಡಗಡೆ ಬಿದ್ದ ಮರ, ಅದರ ಮೇಲೆ ಪಾಚಿ, ಪಾಚಿಯ ಮೇಲೆ ಅಣಬೆ, ಅದರ ಪಕ್ಕ ಸಸಿ.

ದಾರಿಯ ನಟ್ಟ ನಡುವೆ ಒಂದು ಕಡೆ ಬೂದಿ ಬಣ್ಣದ ಹಿಕ್ಕೆ. ಕೋಲಿನಿಂದ ಬಿಡಿಸಿದರೆ ತುಂಬಾ ಕಾಡುಹಂದಿಯ ಬಿರುಸು ಕೂದಲು, ಒಂದು ಮೂಳೆ ಚೂರು. ತೋಳದ್ದು. ಮನುಷ್ಯರ ದಾರಿಯಲ್ಲಿ ಹೀಗೆ ಗುರುತು ಬಿಟ್ಟು ಹೋಗುವುದು ಅವುಗಳ ಅಭ್ಯಾಸ. ಆಮೇಲೆ ತಮ್ಮ ನನ್ನ ಮುಂದೆ ಜಾಸ್ತಿ ದೂರ ಹೋಗಲಿಲ್ಲ!

ಏಣಿನಿಂದ ಇಳಿಯುತ್ತಿದ್ದ ಹಾಗೆ ಬೀಚ್ ಮುಗಿದು ಫರ್ ಶುರುವಾಯಿತು. ತಕ್ಷಣ ಸದ್ದು ನಿಂತಿತು. ಎಲೆಯ ಸರಬರ ಇಲ್ಲ, ಸೂಜಿಯೆಲೆಗಳ ಮೆತ್ತನೆ ಹಾಸು. ಕೆಳಗೆ ಪೊದೆಯೂ ಇಲ್ಲ. ಕಾಲು ತಾನಾಗಿ ವೇಗ ಹಿಡಿಯುತ್ತದೆ. ಈ ಫರ್ ಕಾಡು ತಾನಾಗಿ ಬೆಳೆದದ್ದಲ್ಲ. ಸಂತ ರೊಮುವಾಲ್ದೋ ಇಲ್ಲಿ ಆಶ್ರಮ ಕಟ್ಟಿದ್ದು ಸುಮಾರು ಸಾವಿರ ವರ್ಷದ ಹಿಂದೆ. ಅವನ ಶಿಷ್ಯ ಪರಂಪರೆಯ ಕಮಾಲ್ದೊಲಿ ಸನ್ಯಾಸಿಗಳು ಫರ್ ನೆಟ್ಟರು, ಕಾದರು, ಕಡಿದರು, ಮಾರಿದರು, ಮತ್ತೆ ನೆಟ್ಟರು. ಏಕಾಂತ ಬೇಕೆಂದರೆ ಸುತ್ತಲ ಕಾಡು ಕರಗಬಾರದು ಎನ್ನುವುದನ್ನು 1520ರ ತಮ್ಮ ನಿಯಮಾವಳಿಯಲ್ಲೇ ಸೇರಿಸಿದರು. 1866ರಲ್ಲಿ ಇಟಲಿ ಸರ್ಕಾರ ಮಠಗಳ ಆಸ್ತಿ ವಶಪಡಿಸಿಕೊಂಡಾಗ ಕಾಡೂ ಸರ್ಕಾರದ್ದಾಯಿತು. ಸನ್ಯಾಸಿಗಳು ಮಾತ್ರ ಇನ್ನೂ ಇದ್ದಾರೆ.

ಆಶ್ರಮದಲ್ಲಿ ಬಾಗಿಲ ಹತ್ತಿರ ಶೂವಿನ ಮಣ್ಣು ಕೊಡವಿ ಒಳಗೆ ಹೋದೆವು. ಗೇಟಿನ ಆಚೆ ಸಾಲು ಸಾಲು ಪುಟ್ಟ ಮನೆಗಳು. ಒಬ್ಬೊಬ್ಬ ಸನ್ಯಾಸಿಗೆ ಒಂದೊಂದು, ಸುತ್ತ ಗೋಡೆ, ಒಳಗೆ ಕೈತೋಟ. ಆ ಭಾಗಕ್ಕೆ ನಮಗೆ ಪ್ರವೇಶ ಇಲ್ಲ. ರೊಮುವಾಲ್ದೋ ಇದ್ದ ಕೋಣೆಯನ್ನು ಮಾತ್ರ ನೋಡಬಹುದು. ಅದನ್ನು ಬಸವನಹುಳುವಿನ ಚಿಪ್ಪಿನ ಹಾಗೆ ಕಟ್ಟಿದ್ದಾರೆ. ಹೊರಗೋಡೆ, ಅದರೊಳಗೆ ಸುತ್ತಿ ಬರುವ ಓಣಿ, ಆ ಓಣಿಯ ಸುತ್ತಿನೊಳಗೆ ಮರದ ಹಲಗೆ ಹೊದೆಸಿದ ಮಲಗುವ ಜಾಗ, ಓದುವ ಮೇಜು, ಪುಟ್ಟ ಪ್ರಾರ್ಥನೆ ಕೋಣೆ. ಹೊರಗಿನ ಚಳಿ ಮಂಚದ ತನಕ ಬರಬೇಕಾದರೆ ಅಷ್ಟೆಲ್ಲ ಸುತ್ತಬೇಕು. 1,100 ಮೀಟರಿನ ಹಿಮದಲ್ಲಿ ಬದುಕಲು ಇಷ್ಟು ಜಾಣತನ ಬೇಕೇ ಬೇಕು. ಬೆವರಿದ ಬಟ್ಟೆಯಲ್ಲಿ ನಿಂತಿದ್ದ ನನಗೆ ಆ ಹಲಗೆಯ ಗೂಡು ಬಹಳ ಆಸೆ ಹುಟ್ಟಿಸಿತು.

ಅಲ್ಲಿಂದ ಹಳ್ಳದ ಪಕ್ಕದ ದಾರಿ ಹಿಡಿದು ಮುನ್ನೂರು ಮೀಟರ್ ಇಳಿದರೆ ಕೆಳಗಿನ ಮಠ. ಹಳೆಯ ಔಷಧಿ ಅಂಗಡಿ ಈಗಲೂ ನಡೆಯುತ್ತಿದೆ. ಕಪ್ಪು ಮರದ ಬೀರು, ಭರಣಿಗಳು, ಮೂಲೆಯಲ್ಲಿ ಜೇನು, ಸಾಬೂನು, ಗಿಡಮೂಲಿಕೆಯ ಸಾರಾಯಿ. ಮಂಡಿಗೆ ಹಚ್ಚಲು ಒಂದು ಮುಲಾಮು ತಗೊಂಡೆ.

ನಾಲ್ಕನೆಯ ದಿನ: ಬಾದಿಯಾ ಪ್ರತಾಲ್ಯಾ

ಇವತ್ತು ಸಣ್ಣ ಓಟ. ಬೆಳಿಗ್ಗೆ ಮಠದ ಕೆಳಗಿನ ಮಿರಾಲ್ಯಾ ಚೆಸ್ಟ್‌ನಟ್ ಮರ ನೋಡಿ ಬಂದೆವು. ಕಾಂಡ ಪೂರ್ತಿ ಟೊಳ್ಳು. ಹತ್ತೊಂಬತ್ತನೇ ಶತಮಾನದ ಅರಣ್ಯಾಧಿಕಾರಿಯೊಬ್ಬನ ಹೆಂಡತಿ ಆ ಪೊಟರೆಯೊಳಗೆ ಮೇಜು ಹಾಕಿಸಿಕೊಂಡು ಕೂರುತ್ತಿದ್ದಳಂತೆ. ಆಮೇಲೆ ಫಂಗಾಚ್ಚಿ ಕಣಿವೆಬಾಯಿಗೆ ಏರು, ಪಕ್ಕದ ಪೆನ್ನಾ ಬೆಟ್ಟದಿಂದ ರಿದ್ರಾಕೊಲಿ ಜಲಾಶಯದ ನೋಟ, ಮತ್ತೆ ಇಳಿದರೆ ಬಾದಿಯಾ.

ಈ ಊರಲ್ಲಿ ನೋಡಬೇಕಾದದ್ದು ಕಾರ್ಲೋ ಸಿಯೆಮೊನಿಯ ಮರಗಳ ತೋಟ. ಆತ ಬೊಹೆಮಿಯಾದ (ಈಗಿನ ಚೆಕ್ ದೇಶದ) ಅರಣ್ಯ ತಜ್ಞ. ಟಸ್ಕನಿಯ ದೊರೆ ಎರಡನೇ ಲೆಯೊಪೋಲ್ದೋ 1830ರ ದಶಕದಲ್ಲಿ ಅವನನ್ನು ಕರೆಸಿದ. ಆಗ ಈ ಕಾಡು ಕಡಿದು ಕಡಿದು ಹಾಳಾಗಿತ್ತು. ಸಿಯೆಮೊನಿ ಮತ್ತೆ ಫರ್ ನೆಡಿಸಿದ, ಮರ ಸಾಗಿಸಲು ದಾರಿ ಮಾಡಿಸಿದ. ನಾವು ಈ ದಿನಗಳಲ್ಲಿ ಓಡಿದ ಅಗಲ ದಾರಿಗಳಲ್ಲಿ ಎಷ್ಟೋ ಅಂಥವು. ಟ್ರೇಲ್ ಅಂದರೆ ಕಾಡು ತಾನೇ ಬಿಟ್ಟುಕೊಟ್ಟ ದಾರಿ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಒಂದೊಂದು ದಾರಿಗೂ ಒಂದು ಕೆಲಸ ಇತ್ತು.

ಸಂಜೆ 'ತೊರ್ತೆಲ್ಲೋ ಅಲ್ಲಾ ಲಾಸ್ತ್ರಾ'. ಪಕ್ಕದ ಕೊರೆತ್ಸೋ ಹಳ್ಳಿಯ ತಿಂಡಿ. ತೆಳ್ಳಗೆ ಲಟ್ಟಿಸಿದ ಹಿಟ್ಟು, ಒಳಗೆ ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ, ಮಡಚಿ ಚೌಕ ಕತ್ತರಿಸಿ ಬಿಸಿ ಕಲ್ಲಿನ ಹಾಸಿನ ಮೇಲೆ ಸುಡುತ್ತಾರೆ. ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುವ ತನಕ. ಹೂರಣಕ್ಕೆ ಕೆಲವರು ಹಂದಿ ಕೊಬ್ಬು ಸೇರಿಸುತ್ತಾರೆ, ಸಸ್ಯಾಹಾರಿಗಳು 'ಸೆನ್ತ್ಸಾ ಕಾರ್ನೆ' (ಮಾಂಸ ಇಲ್ಲದ್ದು) ಅಂತ ಮೊದಲೇ ಹೇಳಿ. "ಉಪ್ಪಿನಕಾಯಿ ಇದ್ದಿದ್ರೆ..." ಅಂದ ತಮ್ಮ. ನಾನೂ ಅದನ್ನೇ ಯೋಚಿಸುತ್ತಿದ್ದೆ.

ಕೊನೆಯ ದಿನ: ಲಾ ವೆರ್ನಾ

ರಾತ್ರಿ ಮಳೆ ಬಂದಿತ್ತು. ಇಷ್ಟು ದಿನ ಕಾಲಡಿ ಮರಳುಗಲ್ಲು. ಇವತ್ತು ದಕ್ಷಿಣಕ್ಕೆ ಇಳಿಯುತ್ತಿದ್ದ ಹಾಗೆ ಜೇಡಿಮಣ್ಣು. ಒಂದೊಂದು ಶೂವಿಗೂ ಅರ್ಧ ಕಿಲೋ ಮೆತ್ತಿಕೊಂಡಿತು. ಫ್ರಸ್ಸಿನೇತಾ ಹಳ್ಳಿ ದಾಟಿ ರಿಂಬೋಕ್ಕಿಗೆ ಇಳಿಯುವಷ್ಟರಲ್ಲಿ ಓಟ ಹೋಗಿ ಸ್ಕೇಟಿಂಗ್ ಆಗಿತ್ತು. ಮಳೆಯಾದ ಮರುದಿನ ಈ ಇಳಿಜಾರಿಗೆ ಪೋಲ್ಸ್, ಅಂದರೆ ಊರುಗೋಲು, ಬೇಕು.

ರಿಂಬೋಕ್ಕಿ ಹಳ್ಳದ ಪಾತ್ರದಲ್ಲಿದೆ. ಅಲ್ಲಿಂದ ಲಾ ವೆರ್ನಾಗೆ ಒಂದೇ ಉಸಿರಿನ ಏರು. ಮಂಡಿಯ ಮೇಲೆ ಕೈಯಿಟ್ಟು ಹತ್ತಿದೆ. ತಲೆ ಎತ್ತಿದಾಗ ಕಾಣುವುದು ವಿಚಿತ್ರ: ಮೆತ್ತನೆ ಜೇಡಿ ಗುಡ್ಡದ ನೆತ್ತಿಯಲ್ಲಿ ದೊಡ್ಡ ಸುಣ್ಣಕಲ್ಲಿನ ಬಂಡೆ, ಯಾರೋ ತಂದಿಟ್ಟಂತೆ. ಕೆಳಗಿನ ಮಣ್ಣು ಜಾರಿದಂತೆ ಮೇಲಿನ ಬಂಡೆ ಸೀಳುತ್ತದೆ. ಆ ಸೀಳುಗಳಲ್ಲೇ ಗುಹೆಗಳು. 1213ರಲ್ಲಿ ಒರ್ಲಾಂದೋ ಎಂಬ ಜಮೀನ್ದಾರ ಈ ಬೆಟ್ಟವನ್ನು ಅಸ್ಸೀಸಿ ಊರಿನ ಸಂತ ಫ್ರಾನ್ಸಿಸ್‌ಗೆ ಕೊಟ್ಟ. 1224ರಲ್ಲಿ ಇಲ್ಲೇ ಫ್ರಾನ್ಸಿಸ್‌ನ ಕೈಕಾಲು, ಪಕ್ಕೆಗಳ ಮೇಲೆ ಏಸುವಿನ ಗಾಯದ ಗುರುತುಗಳು ಮೂಡಿದವು ಅಂತ ಭಕ್ತರ ನಂಬಿಕೆ.

ಬಂಡೆಯ ಬುಡದ ಕಾಡಿನಲ್ಲಿ ಕೊಡಲಿ ಬಿದ್ದೇ ಇಲ್ಲವೇನೋ ಅನ್ನುವಂಥ ಬೀಚ್, ಫರ್ ಮರಗಳು. ಮಠದ ಚರ್ಚಿನಲ್ಲಿ ಆಂದ್ರೆಯಾ ದೆಲ್ಲಾ ರೊಬ್ಬಿಯಾ ಮಾಡಿದ ಸುಟ್ಟ ಮಣ್ಣಿನ ಶಿಲ್ಪಗಳಿವೆ. ನೀಲಿ ಹಿನ್ನೆಲೆ, ಬಿಳಿ ಆಕೃತಿ, ಹೊಳೆಯುವ ಮೆರುಗು. ಐದು ಶತಮಾನಗಳ ಬೆಟ್ಟದ ತೇವಕ್ಕೂ ಬಣ್ಣ ಮಾಸಿಲ್ಲ. ಅಮೃತಶಿಲೆಗಿಂತ ಇದೇ ಈ ಹವೆಗೆ ಸರಿ ಅಂತ ಆಗಿನವರಿಗೆ ಗೊತ್ತಿತ್ತು. ಕೆಸರು ಕಾಲಿನಲ್ಲಿ ಒಳಗೆ ಹೋಗಲು ಸಂಕೋಚ. ಬಾಗಿಲಲ್ಲಿದ್ದ ಮುದುಕ ಸನ್ಯಾಸಿ ನಮ್ಮ ಶೂ ನೋಡಿ, ನಕ್ಕು, ಒಳಗೆ ಬನ್ನಿ ಅಂತ ಕೈ ಮಾಡಿದರು. ಮಧ್ಯಾಹ್ನ ಮೂರಕ್ಕೆ ಸನ್ಯಾಸಿಗಳ ಮೆರವಣಿಗೆ ಇರುತ್ತದೆ. ಅದನ್ನು ನೋಡಿಕೊಂಡೇ ಇಳಿದೆವು.

ಹೋಗುವವರಿಗೆ ಎರಡು ಮಾತು. ಉತ್ತರದಿಂದ ದಕ್ಷಿಣಕ್ಕೇ ಓಡಿ. ದೊಡ್ಡ ಏರು ಮೊದಲೇ ಮುಗಿಯುತ್ತದೆ, ಚೆಸ್ಟ್‌ನಟ್ ಮುಳ್ಳು ಏರಿನಲ್ಲೇ ಸಿಗುತ್ತದೆ. ಅಣಬೆ ಕಂಡರೆ ಕೀಳಬೇಡಿ, ಅದಕ್ಕೆ ಪರವಾನಗಿ ಬೇಕು. ಉದ್ಯಾನದ ಗಡಿಯಿಂದ ಹೊರಗೆ ಶರತ್ಕಾಲದಲ್ಲಿ ಹಂದಿ ಬೇಟೆ ಇರುತ್ತದೆ, ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿ. ಲಾ ವೆರ್ನಾ ಕೆಳಗಿನ ಊರಿನಿಂದ ಬಿಬ್ಬಿಯೆನಾಗೆ ಬಸ್ಸಿದೆ, ಅಲ್ಲಿಂದ ಅದೇ ಪುಟ್ಟ ರೈಲು. ಭಾನುವಾರ ಬಸ್ಸು ತೀರಾ ಕಡಿಮೆ, ಶನಿವಾರವೇ ಮುಗಿಯುವ ಹಾಗೆ ಲೆಕ್ಕ ಹಾಕಿಕೊಳ್ಳಿ.